ಹೆದ್ದಾರಿಯ ದೀರ್ಘಾವಧಿ ಯೋಜನೆಗೆ ಊರಿನ ಅಭಿಪ್ರಾಯ: ಯಾವಾಗ, ಯಾರಿಗೆ, ಯಾವ ರೂಪದಲ್ಲಿ ಕೊಡಬೇಕು?

ಪ್ರಶ್ನೆ: ಸೀಬಿ ಕಡೆಯ ರೈತ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಶಿರಾ ಕಡೆಗೆ ಹೋಗುವಾಗ ಸೀಬಿ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 48ರ ಎರಡೂ ಬದಿಗೆ ಹಂಚಿಹೋಗಿರುವ ಊರುಗಳಲ್ಲಿ ನಮ್ಮದೂ ಒಂದು. ಮನೆಗಳು, ಶಾಲೆ, ಹಾಲಿನ ಡೇರಿ ಮತ್ತು ಕೆರೆ ಪೂರ್ವಕ್ಕಿವೆ. ಕೆರೆಯ ಅಚ್ಚುಕಟ್ಟು, ಬಹುಪಾಲು ತೋಟಗಳು ಮತ್ತು ಸ್ಮಶಾನ ಪಶ್ಚಿಮಕ್ಕಿವೆ. ಈ ರಸ್ತೆ ಮೊದಲು ನಾಲ್ಕು ಪಥವಾದಾಗಲೂ, ಆಮೇಲೆ ಆರು ಪಥವಾದಾಗಲೂ ನಮ್ಮ ಹಿರಿಯರನ್ನು ಯಾರೂ ಕೂರಿಸಿಕೊಂಡು ಕೇಳಲಿಲ್ಲ. ಕೇಳಿದ್ದರೂ ಏನು ಹೇಳಬೇಕೆಂಬುದು ಅವರಿಗೆ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

ಕಳೆದ ತಿಂಗಳು ಅಳತೆಯ ಉಪಕರಣಗಳೊಂದಿಗೆ ಕೆಲವರು ಬಂದು ಮೂರು ದಿನ ರಸ್ತೆಯ ಬದಿಯಲ್ಲಿ ಓಡಾಡಿದರು. ವಿಚಾರಿಸಿದಾಗ, ಮುಂದಿನ 20 ವರ್ಷಗಳ ಸಂಚಾರವನ್ನು ಲೆಕ್ಕಕ್ಕೆ ಹಿಡಿದು ಸರ್ವಿಸ್ ರಸ್ತೆ, ಅಂಡರ್‌ಪಾಸ್ ಮತ್ತು ತಿರುವುಗಳ ಸುಧಾರಣೆಗೆ ವರದಿ ಸಿದ್ಧವಾಗುತ್ತಿದೆ ಎಂದಷ್ಟೇ ಹೇಳಿದರು. ಇದನ್ನು ಗ್ರಾಮಸಭೆಯಲ್ಲಿ ಚರ್ಚೆಗೆ ಇಟ್ಟೆವು. ಎರಡು ಗಂಟೆ ಮಾತಾಯಿತು. ಕೊನೆಗೆ ಉಳಿದದ್ದು ಪ್ರತಿಯೊಂದು ಹಟ್ಟಿಯವರೂ ತಮ್ಮ ಗೇಟಿನ (ಊರ ದಾರಿ ಹೆದ್ದಾರಿಗೆ ಸೇರುವ ಜಾಗದ) ಎದುರಿಗೇ ಅಂಡರ್‌ಪಾಸ್ ಬೇಕೆಂದು ಬರೆಸಿದ ಒಂದು ಉದ್ದನೆಯ ಪಟ್ಟಿ ಮಾತ್ರ. ಇಂಥ ಪಟ್ಟಿಯನ್ನು ಯಾವ ಅಧಿಕಾರಿ ಓದಿಯಾರು ಎಂಬ ಅನುಮಾನ ನನಗೇ ಇದೆ.

ನನ್ನ ಪ್ರಶ್ನೆಗಳು ಇಷ್ಟು. ಊರಿನವರ ಮಾತಿಗೆ ನಿಜವಾಗಿ ಬೆಲೆ ಸಿಗುವ ಹಂತ ಯಾವುದು? ಅದನ್ನು ಯಾರಿಗೆ, ಯಾವ ರೂಪದಲ್ಲಿ ಕೊಟ್ಟರೆ ಯೋಜನೆ ಮಾಡುವವರು ಬಳಸಿಕೊಳ್ಳಬಲ್ಲರು? ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹೆದ್ದಾರಿಗಳ ಬದಿಯಲ್ಲಿ ಇರುವವರು ತಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ. ಒಳ್ಳೆಯದಾದದ್ದಕ್ಕಿಂತ ಕೆಟ್ಟದ್ದನ್ನೇ ಹೇಳಿದರೂ ಸರಿ.

ಉತ್ತರ 1: ನಿವೃತ್ತ ಇಂಜಿನಿಯರ್, ತುಮಕೂರು

ಯಜಮಾನರೇ, ನೀವು ಸರಿಯಾದ ಸಮಯಕ್ಕೇ ಕೇಳಿದ್ದೀರಿ. ಅಳತೆಯವರು ಬಂದಿದ್ದಾರೆ, ಆದರೆ ಪತ್ರಿಕೆಯಲ್ಲಿ ಭೂಸ್ವಾಧೀನದ ಪ್ರಕಟಣೆ ಇನ್ನೂ ಬಂದಿಲ್ಲ ಎಂದಾದರೆ ನಕ್ಷೆ ಇನ್ನೂ ಪೆನ್ಸಿಲ್ಲಿನಲ್ಲಿದೆ ಎಂದು ತಿಳಿಯಿರಿ. ಸಾಮಾನ್ಯವಾಗಿ ಮೊದಲು ಕಾರ್ಯಸಾಧ್ಯತಾ ವರದಿ, ಅದರ ಮೇಲೆ ವಿವರವಾದ ಯೋಜನಾ ವರದಿ, ಆಮೇಲೆ ಮಂಜೂರಾತಿ, ಭೂಸ್ವಾಧೀನ, ಟೆಂಡರ್ ಎಂಬ ಕ್ರಮ ಇರುತ್ತದೆ. ಅಂಡರ್‌ಪಾಸ್ ಎಲ್ಲಿ, ಮೋರಿ ಎಷ್ಟು ಅಗಲ, ಸರ್ವಿಸ್ ರಸ್ತೆ ಎಲ್ಲಿಂದ ಎಲ್ಲಿಗೆ ಎಂಬುದು ತೀರ್ಮಾನವಾಗುವುದು ಮೊದಲ ಎರಡು ವರದಿಗಳಲ್ಲಿ. ಜೆಸಿಬಿ ಬಂದ ಮೇಲೆ ರಸ್ತೆ ತಡೆ ಮಾಡಿದರೆ ಅಂದಾಜುಪಟ್ಟಿಯನ್ನೇ ಬದಲಾಯಿಸಬೇಕಾಗುತ್ತದೆ, ಅದಕ್ಕೆ ಯಾರೂ ಸುಲಭವಾಗಿ ಕೈ ಹಾಕುವುದಿಲ್ಲ.

ಮೊದಲ ಕೆಲಸ, ನಿಮ್ಮ ಭಾಗದ ರಸ್ತೆ ಯಾರ ಸುಪರ್ದಿಯಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು. ರಾಷ್ಟ್ರೀಯ ಹೆದ್ದಾರಿಗಳೆಲ್ಲ ಒಂದೇ ಕಚೇರಿಯ ಕೈಯಲ್ಲಿಲ್ಲ. ಕೆಲವು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಯೋಜನಾ ಅನುಷ್ಠಾನ ಘಟಕದಲ್ಲಿರುತ್ತವೆ, ಕೆಲವು ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದಲ್ಲಿರುತ್ತವೆ. ವಿಳಾಸ ತಪ್ಪಿದ ಮನವಿ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ವರದಿ ಮುಗಿದಿರುತ್ತದೆ. ಹಳೆಯ ಕಾಗದಗಳನ್ನು ಹುಡುಕುವಾಗ ಇನ್ನೊಂದು ಸಂಗತಿ ನೆನಪಿರಲಿ: 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಯಿತು. ನಿಮ್ಮ ರಸ್ತೆಯೂ ಕೋಲಾರದ ರಸ್ತೆಯೂ ಆಗ ರಾ.ಹೆ. 4 ಆಗಿದ್ದವು, ಈಗ ಒಂದು 48, ಇನ್ನೊಂದು 75. ಚಿಕ್ಕಬಳ್ಳಾಪುರದ ರಾ.ಹೆ. 7 ಈಗ 44.

ಇನ್ನು ಏನು ಬರೆಯಬೇಕು ಎಂಬುದು. ವರದಿ ಸಿದ್ಧಪಡಿಸುವ ಸಲಹೆಗಾರರು ರಸ್ತೆಯಲ್ಲಿ ವಾಹನಗಳನ್ನು ಎಣಿಸುತ್ತಾರೆ. ಆ ಎಣಿಕೆ ಸಾಮಾನ್ಯವಾಗಿ ಏಳು ದಿನ, ಹಗಲು-ರಾತ್ರಿ ನಡೆಯುತ್ತದೆ. ಬೇರೆ ಬೇರೆ ವಾಹನಗಳನ್ನು ಕಾರಿನ ಲೆಕ್ಕಕ್ಕೆ ಇಳಿಸಲು ಭಾರತೀಯ ರಸ್ತೆ ಕಾಂಗ್ರೆಸ್‌ನ ಒಂದು ಕೋಷ್ಟಕವಿದೆ. ಅದರಲ್ಲಿ ಕಾರಿಗೆ 1, ಮೋಟಾರ್ ಸೈಕಲ್ಲಿಗೆ 0.5, ಬಸ್ಸು ಅಥವಾ ಲಾರಿಗೆ 3, ಟ್ರೇಲರ್ ಕಟ್ಟಿದ ಟ್ರಾಕ್ಟರಿಗೆ 4.5, ಎತ್ತಿನ ಗಾಡಿಗೆ 8. ಎತ್ತಿನ ಗಾಡಿಗೆ ಇಷ್ಟು ದೊಡ್ಡ ಅಂಕಿ ಸಿಕ್ಕಿರುವುದು ಗೌರವಕ್ಕಲ್ಲ, ಅದು ಉಳಿದವರ ವೇಗವನ್ನು ಅಷ್ಟು ತಡೆಯುತ್ತದೆ ಎಂಬ ಕಾರಣಕ್ಕೆ. ಆದರೆ ಈ ಎಣಿಕೆಯೆಲ್ಲ ರಸ್ತೆಯ ಉದ್ದಕ್ಕೆ ಹೋಗುವುದರ ಲೆಕ್ಕ. ನಿಮ್ಮ ಊರಿನ ಬದುಕು ನಡೆಯುವುದು ರಸ್ತೆಗೆ ಅಡ್ಡಲಾಗಿ. ಬೆಳಿಗ್ಗೆ ಡೇರಿಗೆ ಹಾಲು ತರುವವರು, ಶಾಲೆಯ ಮಕ್ಕಳು, ಮೇಯಲು ಹೋಗುವ ಕುರಿಮಂದೆ, ತೋಟಕ್ಕೆ ಮೂರು ಸಲ ಹೋಗಿಬರುವ ಹೆಂಗಸರು, ಇವರೆಲ್ಲ ಆ ಕೋಷ್ಟಕದಲ್ಲಿ ಕಾಣುವುದಿಲ್ಲ. ದಾಟುವವರ ಎಣಿಕೆಯನ್ನೂ ಮಾಡಿಸಬಹುದು, ಆದರೆ ಎಲ್ಲಿ ಮಾಡಬೇಕೆಂದು ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಊರು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಮಾಹಿತಿ ಇದೇ.

ಹಾಗಾಗಿ ನಿಮ್ಮ ಹುಡುಗರನ್ನು ಕೂರಿಸಿ ನೀವೇ ಎಣಿಸಿ. ಸಂತೆಯ ಒಂದು ದಿನ, ಸಾಧಾರಣ ಒಂದು ದಿನ, ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ, ಪ್ರತಿ ಕಾಲು ಗಂಟೆಗೆ ಒಂದು ಗೆರೆ ಎಳೆದು ಬರೆಯಲಿ. ಸ್ಥಳವನ್ನು ‘ಹುಣಸೆ ಮರದ ಹತ್ತಿರ’ ಎಂದು ಬರೆಯಬೇಡಿ. ರಸ್ತೆಯ ಬದಿಯ ಕಿಲೋಮೀಟರ್ ಕಲ್ಲನ್ನು ನೋಡಿ ಅಲ್ಲಿಂದ ಇಷ್ಟು ಮೀಟರ್ ಎಂದು ಚೈನೇಜ್ ಬರೆಯಿರಿ. ವಿನ್ಯಾಸಗಾರನ ನಕ್ಷೆಯೆಲ್ಲ ಚೈನೇಜಿನ ಮೇಲೆಯೇ ನಿಂತಿರುತ್ತದೆ. ಅದರ ಜೊತೆ ಬಂದ ಮಾತು ನಕ್ಷೆಯೊಳಗೆ ಹೋಗಿ ಕೂರುತ್ತದೆ, ಇಲ್ಲದ್ದು ಕಡತದಲ್ಲಿ ಉಳಿಯುತ್ತದೆ.

ದಾಟುವವರಿಗೆ ಏಕೆ ಬೇರೆ ಮಟ್ಟದ ದಾರಿ ಬೇಕು ಎಂಬುದನ್ನೂ ಸಂಕಟದ ಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕದಲ್ಲಿ ಹೇಳುವುದು ಒಳ್ಳೆಯದು. ಒಂದು ಬದಿಯ ಮೂರು ಪಥ, ತಲಾ 3.5 ಮೀಟರ್, ಜೊತೆಗೆ ಅಂಚಿನ ಡಾಂಬರು ಸೇರಿ ಸುಮಾರು 12 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವ ಆರೋಗ್ಯವಂತನಿಗೆ ಅದನ್ನು ದಾಟಲು 10 ಸೆಕೆಂಡು ಬೇಕು. ಗಂಟೆಗೆ 100 ಕಿ.ಮೀ. ವೇಗದ ಕಾರು ಆ 10 ಸೆಕೆಂಡಿನಲ್ಲಿ 278 ಮೀಟರ್ ಬಂದಿರುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅರವತ್ತರ ಅಜ್ಜಿಗೆ ಈ ಲೆಕ್ಕ ಇನ್ನೂ ಕಠಿಣ. ಮೀಡಿಯನ್ (ರಸ್ತೆಯ ನಡುವಿನ ವಿಭಜಕ) ತಲುಪಿದ ಮೇಲೆ ಮತ್ತೆ ಅಷ್ಟೇ ದೂರ ಬಾಕಿ.

ಅಪಘಾತಗಳ ವಿಷಯದಲ್ಲೂ ಹಾಗೆಯೇ. ಕೇಂದ್ರ ಹೆದ್ದಾರಿ ಸಚಿವಾಲಯದ ವ್ಯಾಖ್ಯೆಯಂತೆ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ಕ್ಯಾಲೆಂಡರ್ ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಆಗಿದ್ದರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಪರಿಗಣಿಸುತ್ತಾರೆ. ಠಾಣೆಯಲ್ಲಿ ದಾಖಲಾಗದ ಅಪಘಾತ ಈ ಲೆಕ್ಕಕ್ಕೆ ಬರುವುದಿಲ್ಲ. ‘ಏನೋ ಆಯಿತು, ರಾಜಿ ಮಾಡಿಕೊಳ್ಳಿ’ ಎಂದು ಊರಿನವರೇ ಮುಚ್ಚಿಹಾಕಿದ ಪ್ರಕರಣಗಳಿಂದ ಊರಿಗೇ ನಷ್ಟ.

20 ವರ್ಷದ ಮಾತೂ ಇದೆಯಲ್ಲ. ಬೇರೆ ಅಂಕಿ ಇಲ್ಲದಾಗ ಸಂಚಾರ ವರ್ಷಕ್ಕೆ ಶೇ. 5ರಂತೆ ಬೆಳೆಯುತ್ತದೆ ಎಂದು ಹಿಡಿಯುವ ರೂಢಿಯಿದೆ. ಆ ದರದಲ್ಲಿ 14 ವರ್ಷಕ್ಕೆ ವಾಹನ ಎರಡರಷ್ಟಾಗುತ್ತದೆ, 20 ವರ್ಷಕ್ಕೆ ಎರಡೂವರೆ ಪಟ್ಟನ್ನು ಮೀರುತ್ತದೆ. ಊರೂ ಅದರ ಜೊತೆ ಬೆಳೆಯುತ್ತದೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ತುಮಕೂರಿನ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಒಂದು ಕಾಲದ ಹೆದ್ದಾರಿ ಈಗ ಪೇಟೆಯ ನಡುಬೀದಿ. ಊರ ಹೊರಗೆ ಬೈಪಾಸ್ ಮಾಡಿದರೆ ಊರು ಬೈಪಾಸಿನ ಬಳಿಗೇ ನಡೆದುಬಂತು. ಕ್ಯಾತ್ಸಂದ್ರ ಬೇರೆ ಊರಾಗಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿದೆ, ಈಗ ಅದು ಮಹಾನಗರಪಾಲಿಕೆಯ ಒಳಗಿದೆ. ನಿಮ್ಮ ಪಂಚಾಯಿತಿಯಲ್ಲಿ ಯಾವ ಸರ್ವೆ ನಂಬರುಗಳು ಈಗಾಗಲೇ ನಿವೇಶನವಾಗುತ್ತಿವೆ, ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವವರ ಓಡಾಟ ಯಾವ ಗೇಟಿನಿಂದ ಆಗುತ್ತದೆ ಎಂಬುದನ್ನು ಖಂಡಿತ ಸೇರಿಸಿ.

ಉತ್ತರ 2: ವಕೀಲ, ಕೋಲಾರ

ಇಂಜಿನಿಯರ್ ಸಾಹೇಬರು ಹೇಳಿದ ‘ಪೆನ್ಸಿಲ್’ ಮಾತಿಗೆ ಕಾನೂನಿನ ಕಡೆಯ ಕಾರಣವನ್ನು ಸೇರಿಸುತ್ತೇನೆ. ಏಕೆಂದರೆ ಕಾನೂನು ಊರಿನವರಿಗೆ ಮಾತನಾಡಲು ಕೊಟ್ಟಿರುವ ಬಾಗಿಲು ಜನರು ತಿಳಿದಿರುವುದಕ್ಕಿಂತ ಬಹಳ ಕಿರಿದು.

1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ 3ಎ ಕಲಮಿನಡಿ ಭೂಸ್ವಾಧೀನದ ಉದ್ದೇಶ ಪ್ರಕಟವಾಗುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಪ್ರಾದೇಶಿಕ ಭಾಷೆಯದ್ದಾಗಿರಬೇಕು. ಪ್ರಕಟವಾದ ದಿನದಿಂದ 21 ದಿನಗಳೊಳಗೆ 3ಸಿ ಕಲಮಿನಡಿ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಆ ಅವಕಾಶ ಇರುವುದು ‘ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರಿಗೆ’. ಜಮೀನು ಹೋಗುವವನು ಮಾತನಾಡಬಹುದು. ಜಮೀನು ಹೋಗದೆ ದಾರಿ ಮಾತ್ರ ಹೋಗುವವನಿಗೆ, ಅಂದರೆ ನಿಮ್ಮ ಊರಿನ ಬಹುಪಾಲು ಜನರಿಗೆ, ಆ ಕಲಮಿನಲ್ಲಿ ಸ್ಥಾನವಿಲ್ಲ. ಮುಂದೆ 3ಡಿ ಪ್ರಕಟಣೆ ಬಂದರೆ ಭೂಮಿ ಯಾವ ಋಣಭಾರವೂ ಇಲ್ಲದೆ ಕೇಂದ್ರ ಸರ್ಕಾರಕ್ಕೆ ಸೇರಿಹೋಗುತ್ತದೆ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನ ಮತ್ತು ಅದರ ಸಾರ್ವಜನಿಕ ವಿಚಾರಣೆ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಹೆದ್ದಾರಿ ಕಾಯ್ದೆಯಡಿಯ ಸ್ವಾಧೀನಕ್ಕೆ ಆ ಕಾಯ್ದೆಯ ಪರಿಹಾರ ಮತ್ತು ಪುನರ್ವಸತಿಯ ನಿಯಮಗಳು 2015ರ ಜನವರಿ 1ರಿಂದ ಅನ್ವಯಿಸುತ್ತಿವೆ, ಸಾಮಾಜಿಕ ಪರಿಣಾಮ ಅಧ್ಯಯನ ಮಾತ್ರ ಅನ್ವಯಿಸುವುದಿಲ್ಲ. ಇನ್ನೊಂದು ಬಾಗಿಲು 2006ರ ಪರಿಸರ ಪರಿಣಾಮ ಅಧಿಸೂಚನೆಯದು. ಅಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ, 30 ದಿನಗಳ ಮುನ್ಸೂಚನೆ ಕೊಟ್ಟು ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ, ಯಾರು ಬೇಕಾದರೂ ಮಾತನಾಡಬಹುದು. ಆದರೆ 2013ರ ತಿದ್ದುಪಡಿಯ ನಂತರ ಈಗಿರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಗೆ ಅದು ಅನ್ವಯವಾಗುತ್ತಿದ್ದುದು ಉದ್ದ 100 ಕಿ.ಮೀ. ಮೀರಿ, ಹಳೆಯ ದಾರಿಯಲ್ಲಿ ಹೆಚ್ಚುವರಿ ಜಾಗ 40 ಮೀಟರನ್ನೋ, ಹೊಸ ತಿರುವು ಅಥವಾ ಬೈಪಾಸಿನಲ್ಲಿ 60 ಮೀಟರನ್ನೋ ಮೀರಿದಾಗ. ನಿಮ್ಮದರಂತೆ ಸರ್ವಿಸ್ ರಸ್ತೆ, ಅಂಡರ್‌ಪಾಸಿನ ಕೆಲಸ ಆ ಮಟ್ಟ ಮುಟ್ಟುವುದೇ ಇಲ್ಲ.

ಆದ್ದರಿಂದ ಕಾನೂನು ಕರೆಯುತ್ತದೆ ಎಂದು ಕಾಯುತ್ತ ಕೂರಬೇಡಿ. ಕರೆಯದೆಯೇ ಹೋಗಬೇಕಾದ ಹಂತ ಇದು. ಗ್ರಾಮಸಭೆಯ ನಿರ್ಣಯಕ್ಕೆ ಯೋಜನೆಯನ್ನು ತಡೆಯುವ ಬಲವಿಲ್ಲ, ಆದರೆ ದಿನಾಂಕ ಸಮೇತ ದಾಖಲೆಯಾಗಿ ಅದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ನಿರ್ಣಯದ ಪ್ರತಿಯನ್ನು ರಸ್ತೆಯ ಸುಪರ್ದಿ ಹೊಂದಿರುವ ಕಚೇರಿಗೂ, ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮೋಟಾರು ವಾಹನ ಕಾಯ್ದೆಯ 215ನೇ ಕಲಮಿನಡಿ ರಚನೆಯಾಗುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆಯೂ ವಿಷಯ ಇಡಿಸಿ. ಪೊಲೀಸ್, ಸಾರಿಗೆ, ರಸ್ತೆ ಇಲಾಖೆಗಳು ಒಂದೇ ಮೇಜಿನಲ್ಲಿ ಕೂರುವ ಜಾಗ ಅದು. ಯೋಜನಾ ವರದಿಯಲ್ಲಿ ನಿಮ್ಮ ಗಡಿಯೊಳಗಿನ ಭಾಗದ ನಕ್ಷೆ ಕೇಳಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನಗಳಲ್ಲಿ ಉತ್ತರ ಬರಬೇಕು.

ಒಂದು ಮಾತು ಪ್ರಶ್ನೆಯ ಪಕ್ಕದ್ದು, ಆದರೂ ಹೇಳಿಬಿಡುತ್ತೇನೆ. ಪಹಣಿಯಲ್ಲಿ ತಾತನ ಹೆಸರೇ ಇರುವವರು, ಪೋಡಿ (ತಮ್ಮ ಪಾಲಿನ ಜಮೀನನ್ನು ಅಳೆದು ಬೇರೆ ಮಾಡುವುದು) ಆಗದವರು, ಬಾಯಿಮಾತಿನ ವಿಭಾಗದಲ್ಲಿ ಉಳುಮೆ ಮಾಡುತ್ತಿರುವವರು ಈಗಲೇ ಕಾಗದ ಸರಿಮಾಡಿಕೊಳ್ಳಲಿ. ನಮ್ಮ ಜಿಲ್ಲೆಯಲ್ಲಿ ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗಿದೆ. ಅದು ಬೇಕಾದಲ್ಲಿ ಹತ್ತಿ ಇಳಿಯುವ ರಸ್ತೆಯಲ್ಲ, ದ್ವಿಚಕ್ರ ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ. ಜಮೀನಿನ ಬೆಲೆಯ ಬಗ್ಗೆ ವರ್ಷಗಟ್ಟಲೆ ಮಾತಾಡಿದ ಕೆಲವು ಕಕ್ಷಿದಾರರು, ಆ ಕಡೆ ಉಳಿದ ಎರಡು ಎಕರೆಗೆ ಟ್ರಾಕ್ಟರ್ ಹೋಗುವುದು ಹೇಗೆ ಎಂದು ಮೊದಲ ಬಾರಿಗೆ ಕೇಳಿದ್ದು ಬೇಲಿ ಹಾಕಿದ ಮೇಲೆ. ಆಗ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ 3: ಶಾಲಾ ಶಿಕ್ಷಕಿ, ಚಿಕ್ಕಬಳ್ಳಾಪುರ ಜಿಲ್ಲೆ

ಅಣ್ಣ, ನೀವು ಕೆಟ್ಟ ಅನುಭವವಾದರೂ ಸರಿ ಎಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಊರಿನಲ್ಲಿ ಹೋರಾಟ ಮಾಡಿ ಅಂಡರ್‌ಪಾಸ್ ತಂದರು. ಬಂದದ್ದು ಮಾತ್ರ ಶಾಲೆಯಿಂದ ಮುಕ್ಕಾಲು ಕಿಲೋಮೀಟರ್ ಆಚೆ, ಅಲ್ಲಿ ರಸ್ತೆಯ ಏರಿ ಎತ್ತರವಾಗಿತ್ತು, ಖರ್ಚು ಕಡಿಮೆ ಎಂಬ ಕಾರಣಕ್ಕೆ. ಹೋಗಿ ಬರಲು ಒಂದೂವರೆ ಕಿಲೋಮೀಟರ್ ಹೆಚ್ಚಿಗೆ ನಡೆಯುವ ಮಗು ಯಾವ ಊರಿನಲ್ಲೂ ಇಲ್ಲ. ಮಕ್ಕಳು ಮೊದಲಿನಂತೆ ಮೀಡಿಯನ್ ಹಾರಿದರು; ಮೀಡಿಯನ್‌ಗೆ ಕಂಬಿ ಹಾಕಿದರು; ಮೂರನೆಯ ವಾರ ಒಂದು ಕಂಬಿ ಮಾಯವಾಗಿತ್ತು. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು, ಏಕೆಂದರೆ ಅದರ ತಳ ಪಕ್ಕದ ಹೊಲಕ್ಕಿಂತ ತಗ್ಗಿನಲ್ಲಿತ್ತು. ಸಂಜೆ ದೀಪವಿಲ್ಲದೆ ಹೈಸ್ಕೂಲಿನ ಹೆಣ್ಣುಮಕ್ಕಳು ಅದರೊಳಗೆ ಹೋಗಲು ಹೆದರುತ್ತಿದ್ದರು.

ಆ ಜಾಗವನ್ನು ಒಪ್ಪಿದ ಸಭೆ ಒಂದು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಡೆದಿತ್ತು. ಆ ಹೊತ್ತಿಗೆ ಹೆಂಗಸರೆಲ್ಲ ಕೂಲಿಗೆ ಹೋಗಿರುತ್ತಾರೆ, ನಾವು ಪಾಠದಲ್ಲಿರುತ್ತೇವೆ. ಸಭೆಯಲ್ಲಿದ್ದವರೆಲ್ಲ ಬೈಕ್ ಇರುವ ಗಂಡಸರು. ಮುಕ್ಕಾಲು ಕಿಲೋಮೀಟರ್ ಅವರಿಗೆ ಒಂದು ನಿಮಿಷದ ದೂರ. ನಿಮ್ಮ ಎಣಿಕೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಂದು ಬೇರೆ ಬೇರೆ ಬರೆಯಿರಿ, ಸಾಧ್ಯವಾದರೆ ಸಂಜೆ ಏಳರ ಮೇಲೆ ಮಹಿಳೆಯರದ್ದೇ ಒಂದು ವಾರ್ಡ್ ಸಭೆ ಮಾಡಿ. ಏಳನೆಯ ತರಗತಿಯ ಮಕ್ಕಳಿಗೆ ‘ಮನೆಯಿಂದ ಶಾಲೆಗೆ ನಾನು ಬರುವ ದಾರಿ’ ಎಂದು ನಕ್ಷೆ ಬರೆಯಲು ಹೇಳಿ ನೋಡಿ, ಯಾವ ಸಲಹೆಗಾರನಿಗೂ ತಿಳಿಯದ ಕಿಂಡಿಗಳೆಲ್ಲ ಅದರಲ್ಲಿ ಬರುತ್ತವೆ.

ನೀರಿನ ವಿಷಯ. ಬೇಸಿಗೆಯಲ್ಲಿ ಅಳತೆಗೆ ಬಂದವರಿಗೆ ನಮ್ಮ ಬಯಲುಸೀಮೆಯ ಹಳ್ಳಗಳೆಲ್ಲ ಬರಿಯ ತಗ್ಗಿನಂತೆ ಕಾಣುತ್ತವೆ. 2021ರ ನವೆಂಬರಿನಲ್ಲಿ ವರ್ಷಾನುಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದದ್ದು ನಮ್ಮ ಜಿಲ್ಲೆಯವರಿಗೂ ಕೋಲಾರದವರಿಗೂ ಚೆನ್ನಾಗಿ ನೆನಪಿದೆ. ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೆರೆಯಿಂದ ಕೆರೆಗೆ ಹರಿಯುತ್ತಿರುವುದರಿಂದ ಮರೆತುಹೋಗಿದ್ದ ಕಾಲುವೆಗಳಲ್ಲೂ ನೀರು ಕಂಡಿದೆ. ನಿಮ್ಮ ಕೆರೆ ಒಂದು ಬದಿಗೆ, ಅಚ್ಚುಕಟ್ಟು ಇನ್ನೊಂದು ಬದಿಗೆ ಇದೆ ಎಂದಿದ್ದೀರಿ. ತೂಬಿನ ಕಾಲುವೆ ಮತ್ತು ಕೋಡಿ ಹಳ್ಳ ಹೆದ್ದಾರಿಯನ್ನು ಎಲ್ಲಿ ದಾಟುತ್ತವೆ, ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನೀರುಗಂಟಿಯನ್ನು ಕರೆದುಕೊಂಡು ಹೋಗಿ ಗುರುತು ಮಾಡಿ. ಅಂಡರ್‌ಪಾಸನ್ನೂ ಹಳ್ಳದ ಮೋರಿಯನ್ನೂ ಒಂದರಲ್ಲೇ ಮುಗಿಸೋಣ ಎಂಬ ಸಲಹೆ ಬಂದರೆ ಒಪ್ಪಬೇಡಿ.

ಉತ್ತರ 4: ಲಾರಿ ಮಾಲೀಕ ಮತ್ತು ಚಾಲಕ, ತುಮಕೂರು

ಮೇಲಿನ ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ, ಆದರೆ ಪೂರ್ತಿ ಒಪ್ಪಲಾರೆ. ಇಪ್ಪತ್ತೆರಡು ವರ್ಷಗಳಿಂದ ಈ ರಸ್ತೆಯಲ್ಲಿ ಹುಬ್ಬಳ್ಳಿ, ಪುಣೆಗೆ ಲೋಡ್ ಹೊಡೆಯುತ್ತಿದ್ದೇನೆ. ಹೆದ್ದಾರಿಯ ಬದಿಯ ಊರಿಗೆ ಗ್ರಾಮಸಭೆ ಇದೆ; ಹೆದ್ದಾರಿಯ ಮೇಲೆ ಹೋಗುವವನಿಗೆ ಯಾವ ಸಭೆಯಿದೆ? ನಿಮ್ಮದೇ ರಸ್ತೆಯಲ್ಲಿ, 2022ರ ಆಗಸ್ಟ್ 25ರಂದು, ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ 9 ಮಂದಿ ಸತ್ತರು. ಅವರೂ ಬಡವರೇ, ಅವರೂ ಹಳ್ಳಿಯವರೇ. ಆದರೆ ಅವರ ಊರು ಇನ್ನೂರು ಮೈಲಿ ದೂರವಿದ್ದುದರಿಂದ ಯಾವ ಮನವಿಯಲ್ಲೂ ಅವರ ಸಹಿ ಇರುವುದಿಲ್ಲ.

ಪ್ರತಿ ಊರಿನವರೂ ‘ನಮಗೊಂದು ಗೇಟ್ ಬಿಡಿ’ ಎಂದು ಕೇಳಿ ಮೀಡಿಯನ್ ಒಡೆಸುತ್ತಾರೆ. ಎಂಬತ್ತರ ವೇಗದಲ್ಲಿ ಮೂವತ್ತು ಟನ್ ಹೊತ್ತ ಗಾಡಿಯ ಮುಂದೆ ಟ್ರಾಕ್ಟರ್ ಅಡ್ಡ ಬಂದರೆ ಬ್ರೇಕು ಮಾಡುವುದೇನಿದೆ. ಸರ್ವಿಸ್ ರಸ್ತೆ ಕೇಳಿ ಪಡೆದ ಕಡೆ ಅದರ ಮೇಲೆ ಹೋಟೆಲಿನವರ ಮೇಜು, ಪಂಚರ್ ಅಂಗಡಿಯ ಟೈರು, ಹುಣಸೆಹಣ್ಣಿನ ರಾಶಿ, ರಾಗಿ ಒಕ್ಕಣೆ. ಕೊನೆಗೆ ಊರಿನ ಬೈಕೆಲ್ಲ ಹೆದ್ದಾರಿಯಲ್ಲೇ ಎದುರುಗಡೆಯಿಂದ ಬರುತ್ತವೆ. ಹೆದ್ದಾರಿಯ ಮಧ್ಯರೇಖೆಯಿಂದ 40 ಮೀಟರ್ ಒಳಗೆ ಕಟ್ಟಡ ಕಟ್ಟಬಾರದು ಎಂಬ ನಿಯಮವನ್ನು ಪಾಲಿಸಿ ಎಷ್ಟು ಪಂಚಾಯಿತಿಗಳು ಪರವಾನಗಿ ನಿರಾಕರಿಸಿವೆ ಎಂದು ನಿಮ್ಮ ಸಭೆಯಲ್ಲೇ ಕೇಳಿ ನೋಡಿ. ಇಪ್ಪತ್ತು ವರ್ಷದ ಯೋಜನೆ ಎಂದರೆ ಸರ್ಕಾರ ಮಾತ್ರ ಮಾತು ಕೊಡುವುದಲ್ಲ, ಊರೂ ಮಾತು ಕೊಡಬೇಕು.

ನಿಮ್ಮ ನಿರ್ಣಯದಲ್ಲಿ ನಮ್ಮ ಬೇಡಿಕೆಯೊಂದನ್ನು ಸೇರಿಸುವುದಾದರೆ, ಲಾರಿ ನಿಲ್ಲಿಸುವ ಜಾಗ ಕೇಳಿ. ನಿದ್ದೆ ಬಂದ ಚಾಲಕ ಎಲ್ಲಿ ನಿಲ್ಲಿಸಬೇಕು? ಜಾಗವಿಲ್ಲದೆ ಅಂಚಿನಲ್ಲಿ ನಿಲ್ಲಿಸುತ್ತಾನೆ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ಮಂಜಿನ ನಡುವೆ ಸುಮೋ ಗಾಡಿಯೊಂದು ರಸ್ತೆ ಬದಿ ನಿಂತಿದ್ದ ಟ್ಯಾಂಕರಿಗೆ ಗುದ್ದಿ 13 ಮಂದಿ ಹೋದರು. ಶೌಚಾಲಯ, ನೀರು, ದೀಪ ಇರುವ ಒಂದು ನಿಲುಗಡೆ ನಿಮ್ಮ ಪಂಚಾಯಿತಿಯ ಗಡಿಯಲ್ಲಿ ಬಂದರೆ ನಿಮ್ಮ ಹುಡುಗರಿಗೂ ನಾಲ್ಕು ಅಂಗಡಿಯ ವ್ಯಾಪಾರ ಸಿಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು: ಸೀಬಿ ಕಡೆಯ ರೈತ

ಎಲ್ಲರಿಗೂ ಕೃತಜ್ಞತೆಗಳು. ಲಾರಿಯವರ ಮಾತು ಮೊದಲು ಕಹಿಯೆನಿಸಿತು, ಎರಡನೆಯ ಸಲ ಓದಿದಾಗ ನಮ್ಮ ಸರ್ವಿಸ್ ರಸ್ತೆಯ ತುಂಡಿನ ಮೇಲೆ ಹುಣಸೆಹಣ್ಣು ಒಣಗಿಸುವವರಲ್ಲಿ ನನ್ನ ತಮ್ಮನೂ ಒಬ್ಬ ಎಂಬುದು ನೆನಪಾಯಿತು. ಈ ಗ್ರಾಮಸಭೆಯಲ್ಲಿ ಒಕ್ಕಣೆ ಕಣಕ್ಕೆ ಬೇರೆ ಜಾಗ ಗುರುತಿಸುವ ವಿಷಯವನ್ನೂ, 40 ಮೀಟರ್ ಒಳಗೆ ಹೊಸ ಪರವಾನಗಿ ಕೊಡಬಾರದೆಂಬುದನ್ನೂ ಇದೇ ನಿರ್ಣಯದಲ್ಲಿ ಸೇರಿಸುತ್ತಿದ್ದೇವೆ. ಎರಡನೆಯದಕ್ಕೆ ಜಗಳವಾಗುವುದು ಖಚಿತ.

ಒಂದು ತೊಡಕು ಉಳಿದಿದೆ. ಅಂಡರ್‌ಪಾಸ್ ಒಂದೇ ಸಾಕೆಂದು ಎಲ್ಲರನ್ನೂ ಒಪ್ಪಿಸಿದ್ದೇವೆ, ಆದರೆ ಊರಿನವರು ಒಂದು ಗೇಟ್ ಎನ್ನುತ್ತಾರೆ, ಹಟ್ಟಿಯವರು ಇನ್ನೊಂದು ಗೇಟ್ ಎನ್ನುತ್ತಾರೆ. ನಡುವೆ ಸುಮಾರು 900 ಮೀಟರ್ ಇದೆ. ಸರಿಯಾಗಿ ಮಧ್ಯದಲ್ಲಿ ಹಾಕಿಸುವುದು ನ್ಯಾಯವಲ್ಲವೇ?

ಉತ್ತರ 5: ನಿವೃತ್ತ ಇಂಜಿನಿಯರ್, ತುಮಕೂರು

ಪಂಚಾಯಿತಿಯ ನ್ಯಾಯಕ್ಕೆ ಅದು ಸರಿ, ನಡೆಯುವ ಕಾಲಿಗೆ ಸರಿಯಲ್ಲ. ಮಧ್ಯದಲ್ಲಿ ಹಾಕಿದರೆ ಎರಡೂ ಕಡೆಯವರಿಗೆ 450 ಮೀಟರ್ ದೂರವಾಗಿ, ಮೇಡಂ ಹೇಳಿದಂತೆ ಎರಡೂ ಕಡೆಯವರು ಮೀಡಿಯನ್ ಹಾರುತ್ತಾರೆ. ಎಣಿಕೆ ಮುಗಿಯಲಿ, ಹೆಚ್ಚು ಜನ ಕಾಲ್ನಡಿಗೆಯಲ್ಲಿ ದಾಟುವ ಕಡೆ ಅಂಡರ್‌ಪಾಸ್ ಕೇಳಿ. ಇನ್ನೊಂದು ಗೇಟಿನಿಂದ ಅಲ್ಲಿಗೆ ಎರಡೂ ಬದಿಯಲ್ಲಿ ಕಡಿಯದ ಸರ್ವಿಸ್ ರಸ್ತೆ ಮತ್ತು ನಡೆಯುವವರಿಗೆ ಕಾಲುಸೇತುವೆ ಕೇಳಿ. ಕಾಲುಸೇತುವೆಯನ್ನು ಜನ ಅಷ್ಟಾಗಿ ಹತ್ತುವುದಿಲ್ಲ ಎಂಬುದೂ ನಿಜ, ದನಕರು ಹತ್ತುವುದೇ ಇಲ್ಲ. ಆದ್ದರಿಂದ ಅದು ಎರಡನೆಯ ಆಯ್ಕೆಯಾಗಿಯೇ ಇರಲಿ.

ಅದಕ್ಕೂ ಮೊದಲು ಭೂದಾಖಲೆಗಳ ಕಚೇರಿಯಿಂದ ಎರಡೂ ಊರಿನ ಗ್ರಾಮ ನಕಾಶೆಯ ಪ್ರತಿ ತೆಗೆಸಿ. ನಕಾಶೆಯಲ್ಲಿ ತೋರಿಸಿರುವ ಬಂಡಿ ದಾರಿ ಮತ್ತು ಕಾಲುದಾರಿಗಳು ಹೆದ್ದಾರಿಯನ್ನು ಎಲ್ಲಿ ದಾಟುತ್ತವೆ ನೋಡಿ. ಅಂಥ ದಾರಿಯ ತುದಿಯಲ್ಲಿ ಅಂಡರ್‌ಪಾಸ್ ಕೇಳಿದರೆ ಎರಡೂ ಬದಿಗೆ ಸಂಪರ್ಕದ ಜಾಗಕ್ಕೆ ಹೊಸದಾಗಿ ಯಾರ ಹೊಲವನ್ನೂ ಕೇಳಬೇಕಾಗುವುದಿಲ್ಲ, ಇದ್ದರೂ ಒತ್ತುವರಿಯಷ್ಟೇ ಬಿಡಿಸಬೇಕಾದೀತು. ಎತ್ತರವನ್ನೂ ಬರೆಯಲು ಮರೆಯಬೇಡಿ. ಲಘು ವಾಹನದ ಅಂಡರ್‌ಪಾಸ್ ಸಾಮಾನ್ಯವಾಗಿ 4 ಮೀಟರ್ ಎತ್ತರದ್ದು, ಎಲ್ಲ ವಾಹನಕ್ಕೂ ಸಲ್ಲುವುದು 5.5 ಮೀಟರಿನದು. ಹುಲ್ಲು ಹೇರಿದ ಲಾರಿ, ತೆಂಗಿನ ಮಟ್ಟೆಯ ಲೋಡು, ಬೋರ್‌ವೆಲ್ ಗಾಡಿ ಪಶ್ಚಿಮದ ತೋಟಗಳಿಗೆ ಹೋಗಬೇಕೋ ಬೇಡವೋ ಎಂಬುದು ನಿಮ್ಮ ಆ ಒಂದು ಸಾಲಿನ ಮೇಲೆ ನಿಂತಿದೆ.

ಮರುಮಾತು: ಸೀಬಿ ಕಡೆಯ ರೈತ

ನಕಾಶೆ ಸಿಕ್ಕಿತು, ಸರ್. ಹಳೆಯ ಬಂಡಿ ದಾರಿಯೊಂದು ಊರಿನ ಗೇಟಿನಿಂದ ಹಟ್ಟಿಯ ಕಡೆಗೆ ಸುಮಾರು 200 ಮೀಟರ್ ದೂರದಲ್ಲಿ ಹೆದ್ದಾರಿಯನ್ನು ದಾಟುತ್ತದೆ. ಪೂರ್ವದ ಬದಿಯಲ್ಲಿ ಅದರ ಮೇಲೆ ಈಗ ಒಬ್ಬರ ದನದ ಕೊಟ್ಟಿಗೆಯಿದೆ, ಪಶ್ಚಿಮದಲ್ಲಿ ಲಾಂಟಾನ ಬೆಳೆದಿದೆ. ಹಟ್ಟಿಯ ಹಿರಿಯರೊಬ್ಬರು ಆ ದಾರಿಯಲ್ಲಿ ಗಾಡಿ ಹೊಡೆದದ್ದನ್ನು ನೆನಪಿಸಿಕೊಂಡು, ಅಲ್ಲಿಗಾದರೆ ತಮ್ಮ ತಕರಾರಿಲ್ಲ ಎಂದರು. ಕೊಟ್ಟಿಗೆಯವರು ಇನ್ನೂ ಏನೂ ಹೇಳಿಲ್ಲ. ಸೋಮವಾರ ಬೆಳಿಗ್ಗೆ 5ಕ್ಕೆ ಎಣಿಕೆ ಶುರುವಾಗುತ್ತದೆ, ಊರಿನಿಂದ ಇಬ್ಬರು, ಹಟ್ಟಿಯಿಂದ ಇಬ್ಬರು. ಗಂಡಸರು, ಹೆಂಗಸರು, ಮಕ್ಕಳು, ದನಕರು, ಕುರಿ ಎಂದು ಐದು ಕಾಲಮ್ಮಿನ ಹಾಳೆಯನ್ನು ಶಾಲೆಯ ಮಕ್ಕಳೇ ಗೆರೆ ಹೊಡೆದು ಕೊಟ್ಟಿದ್ದಾರೆ.